ಬೆಕ್ಕಿಗೆ ಅಂದ ಮಾತು

ವಿಜ್ಞಾನದ ಮಾತು ಬರುವ ಕತೆಯನ್ನು ಹೆಚ್ಚು ಓದಿದವರು ಹೇಳಬೇಕು. ರಾತ್ರಿ ಸಾಲೆಯಲ್ಲಿ ಕಲಿತಷ್ಟನ್ನೇ ನಂಬಿ ಹೇಳಹೊರಟಿದ್ದಕ್ಕೆ ಕ್ಷಮೆ ಇರಲಿ. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು.

ಎಪ್ಪತ್ತೆಂಟನೆಯ ಇಸವಿ. ಬಾಗಲಕೋಟೆಯ ಅರಿವೆ ಅಂಗಡಿಯೊಂದರ ಗುಮಾಸ್ತ ಅಮಾತೆಪ್ಪನ ಮನೆಯಲ್ಲಿ ಒಂದು ಇಲಿ ಅವನ ಹೆಂಡತಿಯ ಇಳಕಲ್ಲ ಸೀರೆಯ ಸೆರಗು ಕಡಿಯಿತು. ಶಿವಲಿಂಗವ್ವ ಅಳಲಿಲ್ಲ, ಬೈಯಲಿಲ್ಲ. ಟ್ರಂಕು ಹಿಡಿದು ಕುಳಗೇರಿ ಕ್ರಾಸಿನ ತವರಿಗೆ ಹೋದಳು. ತಿಂಗಳಾದ ಮೇಲೆ ಕಾರ್ಡು ಬಂತು: "ಸೋಮವಾರ ಬಂದು ನೋಡತೇನಿ. ಒಂದ ಇಲಿ ಕಂಡ್ರೂ ಬಂದ ಬಸ್ಸಿಗೇ ತಿರುಗಿ ಹೋಗತೇನಿ."

ಭಾನುವಾರ ಸಂಜೆ ಪಕ್ಕದ ಮನೆಯ ಕಾಸಿಂಬಿ ಒಂದು ಬೆಕ್ಕು ತಂದುಕೊಟ್ಟಳು. ಹಾಲಿನಂಥ ಮೈ, ನೀಲಿ ಕಣ್ಣು. "ರಾಣಿ ಇದ್ದಂಗ ಐತಿ ನೋಡ್ರಿ ಅಣ್ಣಾರ," ಎಂದಳು.

ರಾಣಿಯಂತೆಯೇ ಇತ್ತು. ಸೋಮವಾರ ಬೆಳಿಗ್ಗೆ ಇಲಿಗಳು ಅದರ ಬೆನ್ನ ಹಿಂದೆಯೇ ಜೋಳದ ಚೀಲ ಹರಿಯುತ್ತಿದ್ದರೆ, ಅದು ಮುನಿಸಿಕೊಂಡ ಬೀಗರಂತೆ ಗೋಡೆ ನೋಡುತ್ತ ಕೂತಿತ್ತು. ಅಮಾತೆಪ್ಪ ಕರೆದ, ಗದರಿದ, ಚಪ್ಪಾಳೆ ತಟ್ಟಿದ. ಬೆಕ್ಕು ತಿರುಗಲಿಲ್ಲ.

ಎದುರು ಮನೆಯ ಬೋರವ್ವ ನೇರ ಒಳಗೇ ಬಂದಳು. "ಹಂಗ ಗದರಿದ್ರ ಯಾರ ಓ ಅಂತಾರ? ಹೇಣ್ತಿನೂ ಹಿಂಗ ಕರದೇ ಓಡಿಸೀಯೇನ? ಮಮತೆಯಿಂದ ಕರಿ."

"ಬಾರವ್ವಾ, ನಮ್ಮವ್ವಾ," ಎಂದು ಅಮಾತೆಪ್ಪ ನೆಲಕ್ಕೆ ಕೂತು ಕರೆದ. ಬೆಕ್ಕು ಆಕಳಿಸಿತು.

"ಮಮತೆಗೆ ಬಗ್ಗೂದಲ್ಲ ಇದು," ಎಂದು ಬೋರವ್ವ ಹಿತ್ತಾಳೆ ತಾಟು, ಸೌಟು ಹಿಡಿದು ಬಡಿಯತೊಡಗಿದಳು. ಓಣಿಯೆಲ್ಲ ಒಳಗೆ ಬಂದು ನಿಂತಿತು. ಇಲಿಗಳೂ ಒಮ್ಮೆ ಇಣುಕಿದವು. ಬೆಕ್ಕು ಮಾತ್ರ ಪಂಜ ನೆಕ್ಕುತ್ತಿತ್ತು.

ರಾತ್ರಿ ಸಾಲೆಯ ಇಮಾಮಹುಸೇನ ಮಾಸ್ತರರು ಕನ್ನಡಕ ಏರಿಸಿ, ಬಗ್ಗಿ ನೋಡಿದರು. "ಇದು ಕೆಪ್ಪ ಐತಿ, ಅಮಾತೆಪ್ಪ."

"ಕಣ್ಣ ಇಷ್ಟ ಚೆಂದ ಅದಾವಲ್ರಿ, ಸರ."

"ಎರಡಕ್ಕೂ ಬೇರು ಒಂದ. ಹುಟ್ಟೂ ಮುಂಚೆ ವಂಶವಾಹಿಯೊಳಗ ಒಂದ ತಪ್ಪ ಆಗಿರತೈತಿ. ಬಣ್ಣದ ಕಣ ಮೈಗೆ ಮುಟ್ಟಂಗಿಲ್ಲ, ಬಿಳಿ ಆತು. ಕಣ್ಣಿಗೆ ಮುಟ್ಟಂಗಿಲ್ಲ, ನೀಲಿ ಆತು. ಕಿವಿಯೊಳಗೂ ಆ ಕಣ ಬೇಕು. ಅಲ್ಲೂ ಮುಟ್ಟದಿದ್ರ ಕೇಳಂಗಿಲ್ಲ. ತಪ್ಪು ಒಂದ, ಫಲ ಮೂರು. ಹಿಂತಾ ಬೆಕ್ಕೆಲ್ಲಾ ಕೆಪ್ಪ ಅಂತಲ್ಲ, ಇದು ಕೆಪ್ಪ."

ಬೋರವ್ವ ಇನ್ನೂ ಬಡಿಯುತ್ತಲೇ ಇದ್ದಳು. ಬಸ್ಸಿನ ಹೊತ್ತಾಗಿತ್ತು. ಅಮಾತೆಪ್ಪ ಬಾಗಿಲಿಗೆ ಬೆನ್ನು ಮಾಡಿ ಆ ಗದ್ದಲದ ಮೇಲೆ ಕೂಗಿದ: "ಬಿಳೇ ಕೂದಲಾ, ನೀಲಿ ಕಣ್ಣಾ, ಕೇಳದ ಕಿವಿ. ಇದನ್ನ ಇಟ್ಕೊಂಡ ನಾ ಏನ ಮಾಡ್ಲಿ? ತಿಂದು ಮಲಗೂದೊಂದ ಇದರ ಕೆಲಸ. ಚೀಲಕ್ಕ ತುಂಬಿ ಊರ ಹೊರಗ ಬಿಟ್ಟ ಬರತೇನಿ."

ತಾಟಿನ ಸದ್ದು ಒಮ್ಮೆಲೆ ನಿಂತಿತು. ಬೋರವ್ವ ಬಾಗಿಲ ಕಡೆ ನೋಡುತ್ತಿದ್ದಳು.

ಬಾಗಿಲಲ್ಲಿ ಶಿವಲಿಂಗವ್ವ ನಿಂತಿದ್ದಳು. ಪಕ್ಕದಲ್ಲಿ ಅವಳ ತಾಯಿ ಬಸಲಿಂಗವ್ವ. ಅತ್ತೆಯ ತಲೆ ಹತ್ತಿಯಷ್ಟು ಬಿಳಿ. ಪೊರೆ ಬಂದ ಕಣ್ಣು ತಿಳಿನೀಲಿ. ಕಿವಿ ಹತ್ತು ವರ್ಷದಿಂದ ಪೂರಾ ಮಂದ. ಜನರ ಕಾಲಸಂದಿಯಲ್ಲಿದ್ದ ಬೆಕ್ಕು ಅವರಿಬ್ಬರಿಗೂ ಕಾಣುತ್ತಿರಲಿಲ್ಲ.

ಅತ್ತೆಗಂತೂ ಕೇಳಿರಲಾರದು ಎಂದು ಅಮಾತೆಪ್ಪ ಧೈರ್ಯ ತಂದುಕೊಂಡ.

"ನಡಿ ಶಿವಲಿಂಗಿ," ಎಂದಳು ಬಸಲಿಂಗವ್ವ. "ನನ್ನ ಚೀಲಕ್ಕ ತುಂಬೂ ಮುಂಚೆ ಬಸ್ಸ ಹಿಡಿಯೂಣು."

"ಅತ್ತಿ, ಅದು ಬೆಕ್ಕಿಗೆ ಅಂದದ್ದರಿ."

"ಏನಂದ್ರಿ ಅಳಿಯಾರ? ನನಗ ಕಿವಿ ಕೇಳಂಗಿಲ್ಲ."

ಅಮಾತೆಪ್ಪ ಬಸ್‌ ನಿಲ್ದಾಣದ ತನಕ ಅದನ್ನೇ ಕೂಗುತ್ತ ಹಿಂದೆ ನಡೆದ. ಅತ್ತೆಗೆ ಒಂದಕ್ಷರವೂ ಕೇಳಲಿಲ್ಲ, ಹೆಂಡತಿ ನಂಬಲಿಲ್ಲ. ಇಲಿ ಹೋದವೋ ಇದ್ದಾವೋ ಎಂದು ಶಿವಲಿಂಗವ್ವ ಕೇಳದೆಯೇ ಬಸ್ಸು ಹತ್ತಿದಳು.

ಹತ್ತು ವರ್ಷ ಏನೂ ಕೇಳದ ಕಿವಿಗೆ ಅದೊಂದು ಮಾತು ಹೇಗೆ ಮುಟ್ಟಿತು ಎಂದು ಅವನು ಮಾಸ್ತರರನ್ನು ಕೇಳಿದ. ಬೆಕ್ಕಿನ ಕಿವಿಯ ವಿಷಯ ಅವರಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಈ ಕತೆ ಹೇಳಿದವರಿಗೂ ಗೊತ್ತಿಲ್ಲ.