ಗಾಣಿಗರ ಬೀದಿಗೆ ನಾಲ್ಕು ಪೈಪಿನ ನೀರು

"ನೋಡಿ ಇಂದ್ರಾಣಮ್ಮ, ಇದೇ ನಮ್ಮೂರು!" ಎಂದು ಪಕ್ಕದ ಮನೆಯ ಷಡಕ್ಷರಿ ಮೇಷ್ಟ್ರು ತಮ್ಮ ಊಟದ ಮೇಜಿನ ಮೇಲಿದ್ದ ಬಟ್ಟೆಯನ್ನು ಸರ್ರನೆ ಎಳೆದರು.

ಮೇಜಿನ ತುಂಬ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಣ್ಣ ಕೊಳವೆಗಳು, ಬೆಂಕಿಪೊಟ್ಟಣದ ಮನೆಗಳು, ನಡುವೆ ಮಿಣಮಿಣ ಎನ್ನುವ ಒಂದು ಪೆಟ್ಟಿಗೆ. ನಿವೃತ್ತರಾದ ಮೇಲೆ ಈ ವಿಜ್ಞಾನದ ಮೇಷ್ಟ್ರು ಏನೇನು ಮಾಡಿಲ್ಲ! ಅವರ ದೋಸೆ ಯಂತ್ರ ಎಸೆದ ದೋಸೆ ಇಂದಿಗೂ ನಮ್ಮ ಸೂರಿನ ಮೇಲಿದೆ. ಆದರೆ ಈ ಸಲ ನಾನು ನಗಲಿಲ್ಲ. ನಮ್ಮ ಗಾಣಿಗರ ಬೀದಿಯ ನಲ್ಲಿಯಲ್ಲಿ ಹನಿ ನೀರಿಲ್ಲ. ಬರುತ್ತಿದ್ದ ಟ್ಯಾಂಕರನ್ನೂ ನಗರಸಭೆ ನಿಲ್ಲಿಸಿತ್ತು. ಕೇಳಲು ಹೋದರೆ ಎಂಜಿನಿಯರ್ ತಿಮ್ಮರಾಯಪ್ಪ, "ನಿಮ್ ಬೀದೀಲಿ ನಾಲ್ಕು ಹೊಸ ಪೈಪ್‌ಲೈನ್ ಇದಾವಲ್ರೀ! ವೆಬ್‌ಸೈಟಲ್ಲೇ ಹಾಕಿದೀವಿ, ಯಾರು ಬೇಕಾದ್ರೂ ನೋಡ್ಬೋದು!" ಎಂದಿದ್ದ.

ನಾಲ್ಕು ಸಲ ಗುದ್ದಲಿ ಪೂಜೆ ಆಗಿದ್ದು ನಿಜ. ಕಾಯಿ ಒಡೆದು, ಫೋಟೋ ತೆಗೆಸಿಕೊಂಡು, ಗುದ್ದಲಿಯನ್ನೂ ಹೊತ್ತುಕೊಂಡು ಹೋಗಿದ್ದರು. ನಮ್ಮ ನಗರಸಭೆಯಲ್ಲಿ ಪೂಜೆ ಮುಗಿದರೆ ಕೆಲಸ ಮುಗಿದಂತೆ!

"ಆ ವೆಬ್‌ಸೈಟಿನ ಮಾಹಿತಿಯನ್ನೆಲ್ಲ ಇದಕ್ಕೆ ತಿನ್ನಿಸಿದೀನಿ," ಎಂದು ಮೇಷ್ಟ್ರು ಗುಂಡಿ ಒತ್ತಿದರು. ಮೇಜಿನ ಮೇಲಿನ ಗಾಣಿಗರ ಬೀದಿಯಲ್ಲಿ ನೀರು ಜುಳುಜುಳು ಹರಿಯಿತು.

"ಬೆಂಕಿಪೊಟ್ಟಣಕ್ಕೆ ನೀರು ಬಂತು. ನನ್ ಕೊಡಕ್ಕೆ?"

"ತಾಳಿ! ಮೇಜಿಗೂ ಊರಿಗೂ ವ್ಯತ್ಯಾಸ ಕಂಡ್ರೆ ಪೆಟ್ಟಿಗೆ ತಾನೇ ಊರಿನ ವಾಲ್ವ್‌ಗಳನ್ನ ತಿರುಗಿಸಿ ಸರಿ ಮಾಡುತ್ತೆ!"

ಪೆಟ್ಟಿಗೆ ಗುಂಯ್ ಎಂದಿತು. ಬೀದಿಯಲ್ಲಿ ಏನೋ ನರಳಿತು. ಅಜ್ಜನ ಕಾಲದ ಒಂದೇ ಒಂದು ತುಕ್ಕು ಪೈಪಿನೊಳಕ್ಕೆ ನಾಲ್ಕು ಪೈಪಿನ ನೀರು ನುಗ್ಗಿತ್ತು! ನಮ್ಮ ನಲ್ಲಿ ಕಿತ್ತುಕೊಂಡು ಹಾರಿ ಎದುರು ಮನೆಯ ಸಂಡಿಗೆ ಚಾಪೆಯ ಮೇಲೆ ಬಿತ್ತು. ಬೀದಿಗೆ ಬೀದಿಯೇ ಕೊಡ, ಡ್ರಮ್ಮು, ಕುಕ್ಕರು, ಕೊನೆಗೆ ತೊಟ್ಟಿಲನ್ನೂ ತಂದು ಹಿಡಿಯಿತು. ನೀರು ಹೊಸ್ತಿಲು ದಾಟಿತು.

"ನಿಲ್ಲಿಸ್ರೀ ಮೇಷ್ಟ್ರೇ!"

"ವೆಬ್‌ಸೈಟಲ್ಲಿ ಮಾಹಿತಿ ಬದಲಾದ್ರೇನೇ ಅದು ನಿಲ್ಲೋದು!"

ಪ್ಯಾಂಟು ಮಡಿಚಿಕೊಂಡು ತಿಮ್ಮರಾಯಪ್ಪ ಓಡಿಬಂದ. "ಯಾರ್ರೀ ಇದು? ಊರಿನ ಟ್ಯಾಂಕೆಲ್ಲ ಬರಿದಾಗ್ತಿದೆ! ಕೇಸ್ ಹಾಕಿಸ್ತೀನಿ!"

ನನಗೆ ಮೈಯೆಲ್ಲ ಉರಿಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಮೇಷ್ಟ್ರ ಬಾಗಿಲಿಗೆ ಅಡ್ಡ ನಿಂತೆ. "ನಿಮ್ ನಾಲ್ಕು ಪೈಪಿನ ನೀರು ತಾನೇ ಬರ್ತಿರೋದು? ಬೇಡ ಅಂದ್ರೆ ಪೈಪ್ ಇಲ್ಲ ಅಂತ ಈಗ್ಲೇ ವೆಬ್‌ಸೈಟಲ್ಲಿ ಹಾಕಿ!"

ಅವನು ಮೊಬೈಲು ತೆಗೆದ. "ಮೂರು ಅಂತ ಹಾಕ್ಲಾ?"

"ಇದೇನು ಬದನೆಕಾಯಿ ವ್ಯಾಪಾರಾನಾ?"

ಮೂರು ಹಾಕಿದ. ಮಂಡಿಯವರೆಗಿದ್ದ ನೀರು ಮೀನಖಂಡಕ್ಕಿಳಿಯಿತು. ಎರಡು ಹಾಕಿದ. ಪಾದಕ್ಕಿಳಿಯಿತು.

"ಒಂದಾದ್ರೂ ಇರ್ಲಿ ತಾಯಿ! ಆ ಪೂಜೆಗೆ ಮಂತ್ರಿಗಳು ಬಂದಿದ್ರು!"

"ಮಂತ್ರಿ ಬಂದ್ರು, ನೀರು ಬರ್ಲಿಲ್ಲ. ಸೊನ್ನೆ ಹಾಕಿ!"

ಹಾಕಿದ. ನೀರು ನಿಂತಿತು. ಬೀದಿಯವರೆಲ್ಲ ಚಪ್ಪಾಳೆ ಹೊಡೆದರು. ನನಗಂತೂ ಖುಷಿಗೆ ಕಣ್ಣೀರೇ ಬಂತು.

ಆದರೆ ಪೆಟ್ಟಿಗೆ ಮತ್ತೆ ಗುಂಯ್ ಎಂದಿತು! ಮೇಷ್ಟ್ರು ಬಗ್ಗಿ ನೋಡಿ, "ಓಹೋ, ಮುಂದಿನ ವ್ಯತ್ಯಾಸ ಹಿಡೀತು. ನಗರಸಭೆ ಆವರಣದಲ್ಲಿ ಈಜುಕೊಳ ಇದೆ ಅಂತ ಹಾಕಿದೀರಲ್ಲ ಸಾರ್?" ಎಂದರು.

"ಅದೂ ಬರೀ ಪೂಜೆ ಕಣ್ರೀ!" ಎಂದು ಕಿರುಚಿ ತಿಮ್ಮರಾಯಪ್ಪ ಅದನ್ನೂ ಅಳಿಸಿದ. ಅಷ್ಟರಲ್ಲಿ ಆವರಣ ತುಂಬಿಹೋಗಿತ್ತು. ಕಾಂಪೌಂಡ್ ಗೋಡೆ ಗಟ್ಟಿಯಾಗಿತ್ತು. ನಗರಸಭೆ ಗಟ್ಟಿಯಾಗಿ ಕಟ್ಟಿಸಿದ್ದು ಅದೊಂದನ್ನೇ.

ಪೈಪಿಲ್ಲದ ಬೀದಿ ಎಂದು ಅವನ ಕೈಯಿಂದಲೇ ದಾಖಲಾದ ಮೇಲೆ ಟ್ಯಾಂಕರ್ ಕಳಿಸದೆ ವಿಧಿಯಿರಲಿಲ್ಲ. ಮಾರನೆಯ ದಿನ ಅದು ನಗರಸಭೆಯ ಆವರಣದಲ್ಲೇ ನೀರು ತುಂಬಿಕೊಂಡು ನಮ್ಮ ಬೀದಿಗೆ ಬಂತು. ಹಿಂದೆಯೇ ತಿಮ್ಮರಾಯಪ್ಪನ ಫೋನು: "ಅಮ್ಮಾ, ನನ್ ಜೀಪಿನ್ನೂ ಆವರಣದ ನೀರೊಳಗೇ ಇದೆ!"

"ಹೌದಾ? ಹಾಗಾದ್ರೆ ದಿನಾ ಎರಡೆರಡು ಟ್ಯಾಂಕರ್ ಕಳಿಸಿ ಸಾರ್, ಬೇಗ ಸಿಗುತ್ತೆ," ಎಂದೆ.