ಒಂಬತ್ತರ ಶಾಲೆಗೆ ಪೂರ್ವದ ಬಾಗಿಲು

ವಾದದಲ್ಲಿ ಗೆಲ್ಲಲು ಸರಿಯಾದ ಕಾರಣವೇ ಬೇಕೆಂದೇನಿಲ್ಲ. ಎದುರಾಳಿ ತಲೆಬಾಗುವಂಥ ಕಾರಣ ಸಿಕ್ಕರೆ ಸಾಕು. ಮದುವೆಯಾದ ಮೇಲೆ ನಾನು ಕಲಿತ ವಿದ್ಯೆ ಇದೊಂದೇ.

ನನ್ನವರಿಗೆ ಈಸ್ಟ್‌ಗೇಟಿನ ಆಫೀಸಿಗೆ ವರ್ಗವಾದಾಗ ಕೆನ್ಮೋರಿನಿಂದ ಗಂಟುಮೂಟೆ ಕಟ್ಟಬೇಕಾಯಿತು. ಈ ಪರದೇಶದಲ್ಲಿ ಮನೆ ಹುಡುಕುವುದೆಂದರೆ ಶಾಲೆ ಹುಡುಕುವುದು. ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಶಾಲಾ ವಲಯಕ್ಕೆ, ಸೇರಿದೆಯೋ ಅಲ್ಲಿಯ ಸರ್ಕಾರಿ ಶಾಲೆಗೇ ಮಗು ಹೋಗಬೇಕು. ನಾವು ಮೆಚ್ಚಿದ ಬೀದಿಯ ನಟ್ಟನಡುವೆ ಎರಡು ಡಿಸ್ಟ್ರಿಕ್ಟುಗಳ ಗಡಿ! ಈ ಪಕ್ಕದ ಮನೆ ಹಿಡಿದರೆ ಇಂಟರ್ನೆಟ್ಟಿನವರು ಹತ್ತಕ್ಕೆ ಹತ್ತು ಕೊಟ್ಟ ಶಾಲೆ, ಎದುರಿನ ಮನೆ ಹಿಡಿದರೆ ಒಂಬತ್ತರ ಶಾಲೆ. ನನ್ನವರು ಪಿಯುಸಿಯಲ್ಲಿ ಒಂದೇ ಮಾರ್ಕಿನಿಂದ ರ‍್ಯಾಂಕ್ ತಪ್ಪಿಸಿಕೊಂಡವರು. ಆ ಗಾಯ ಇನ್ನೂ ಮಾಯ್ದಿಲ್ಲ. "ಒಂದು ಮಾರ್ಕ್ ಅಂದ್ರೆ ಸುಮ್ನೇನಾ?" ಎಂದರು.

ನನ್ನ ಚಿಂತೆಯೇ ಬೇರೆ. ಮಗಳು ಅನನ್ಯ ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ. ಶಾಲೆಗೆ ಕಾಲಿಟ್ಟಳೆಂದರೆ ಬಾಯಿಗೆ ಬೀಗ. ಕೆನ್ಮೋರಿನ ಟೀಚರಿಗೆ ವರ್ಷವಿಡೀ ಅವಳ ದನಿಯೇ ಗೊತ್ತಾಗಲಿಲ್ಲ. ಅದಕ್ಕೇ ಒಂದು ಭಾನುವಾರ ಎರಡೂ ಶಾಲೆಯ ಮೈದಾನಕ್ಕೆ ಕರೆದೊಯ್ದೆ. ಹತ್ತರ ಶಾಲೆಯಲ್ಲಿ ಅವಳು ನನ್ನ ಜಾಕೆಟ್ಟಿನ ತುದಿ ಬಿಡಲಿಲ್ಲ. ಒಂಬತ್ತರ ಶಾಲೆಯಲ್ಲಿ ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಜಾರುಬಂಡೆಯ ಮೇಲಿಂದ ಕೈಬೀಸಿ ಕರೆದಳು. ಇವಳು ಓಡಿದಳು. ಸ್ವಲ್ಪ ಹೊತ್ತಿಗೆ ಮೈದಾನವಿಡೀ ನನ್ನ ಮಗಳದೇ ಗಲಾಟೆ! "ಮನೆಗೆ ಹೋಗೋಣ್ವಾ ಪುಟ್ಟಾ?" ಎಂದರೆ "ನೋ! ಐ ಆಮ್ ಪ್ಲೇಯಿಂಗ್!" ಎಂದು ಕಿರುಚಿದಳು. ನನ್ನ ಕಣ್ಣು ತುಂಬಿ ಬಂತು.

ಮನೆಗೆ ಬಂದು ಹೇಳಿದರೆ ನನ್ನವರು, "ಅದು ಆ ಹುಡುಗಿ ಕಣೇ, ಸ್ಕೂಲಲ್ಲ. ಅಲ್ಲಿ ಹತ್ತು, ಇಲ್ಲಿ ಒಂಬತ್ತು. ಮುಗೀತು" ಎಂದುಬಿಟ್ಟರು. ಹಾಗೆಲ್ಲ ಮುಗಿಯುವುದುಂಟೇ? ಮೈಸೂರಿಗೆ ಫೋನು ಹಚ್ಚಿದೆ.

"ಅತ್ತೆ, ಎರಡು ಮನೆ ನೋಡಿದೀವಿ. ಇವ್ರು ಒಪ್ಪಿರೋದು ಪಶ್ಚಿಮದ ಬಾಗಿಲು. ಎದುರುಗಡೇದು ಪೂರ್ವ. ನಂಗೇನು, ಯಾವ್ದಾದ್ರೂ ಸರಿ..."

"ಪಶ್ಚಿಮಾನಾ? ಅವ್ನಿಗೆ ಬುದ್ಧಿಗಿದ್ಧಿ ಇದ್ಯೇನಮ್ಮಾ? ಕೊಡು ಅವ್ನಿಗೆ ಫೋನು!"

ಕೊಟ್ಟೆ. ದಕ್ಷಿಣದ ಬಾಗಿಲಿನ ಮನೆಯಲ್ಲಿ ಹುಟ್ಟಿ ಬೆಳೆದ, ವಾಸ್ತುವೆಂದರೆ ನಗುವ ನಾನು, ಅಂದು ಭಯಭಕ್ತಿಯಿಂದ ಪಕ್ಕದಲ್ಲೇ ನಿಂತಿದ್ದೆ. "ಅಮ್ಮಾ... ಅಲ್ಲಮ್ಮಾ..." ಎನ್ನುತ್ತಿದ್ದವರು "ಆಯ್ತಮ್ಮಾ" ಎಂದ ಕೂಡಲೇ ಒಳಗೆ ಹೋಗಿ ಕಾಫಿಗೆ ಹಾಲಿಟ್ಟೆ.

"ಅಯ್ಯೋ, ಒಂಬತ್ತಾ? ಯಾಕ್ರೀ, ಏನಾಯ್ತು?" ಎಂದು, ನಾವು ಎದುರಿನ ಮನೆ ಸೇರಿದ ಮೇಲೆ, ಕನ್ನಡದ ಗೆಳತಿಯರು ಸೂತಕದ ಮನೆಯವರನ್ನು ವಿಚಾರಿಸುವಂತೆ ವಿಚಾರಿಸಿದರು. ನಾನು ನಗುತ್ತಲೇ ಇದ್ದೆ. ಚಳಿಗಾಲಕ್ಕೆ ಮೊದಲು ಹೊಸ ಶಾಲೆಯ ಟೀಚರ್ ನಮ್ಮಿಬ್ಬರನ್ನೂ ಕರೆಸಿ, ತುಸು ಬೇಸರದಿಂದಲೇ, ನಿಮ್ಮ ಮಗಳು ತರಗತಿಯಲ್ಲಿ ಮಾತು ನಿಲ್ಲಿಸುವುದೇ ಇಲ್ಲ ಎಂದು ದೂರಿದರು. ನಾನು ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಪಾಪ, ಆಕೆ ಕಕ್ಕಾಬಿಕ್ಕಿ! ಕಾರಿನಲ್ಲಿ ನನ್ನವರು, "ಆಯ್ತು ಮಾರಾಯ್ತಿ, ನಿಂಗೆ ಹತ್ತಕ್ಕೆ ಹತ್ತು" ಎಂದರು.

ಸುದ್ದಿ ಕೇಳಿ ಅತ್ತೆಗೆ ಹಿಗ್ಗೋ ಹಿಗ್ಗು. "ನಾನು ಹೇಳ್ಲಿಲ್ವೇನೇ? ಎಲ್ಲಾ ಪೂರ್ವದ ಬಾಗಿಲಿನ ಮಹಿಮೆ!" ಗೆಲುವು ನನ್ನದು, ಕೀರ್ತಿ ಬಾಗಿಲಿಗೆ. ಆದರೆ ಆ ಮಾತು ತೆಗೆದವಳೇ ನಾನಲ್ಲವೇ? "ಹೌದತ್ತೆ" ಎಂದೆ. ನಾವು ಹೋಗಿಬರುವುದೆಲ್ಲ ಗ್ಯಾರೇಜಿನಿಂದ. ಆ ಬಾಗಿಲು ತೆರೆಯುವುದು ಪಾರ್ಸೆಲ್ ಬಂದಾಗ ಮಾತ್ರ. ಆದರೂ ಯಾಕೆ ಬೇಕು ಹೇಳಿ, ಈಚೆಗೆ ಶುಕ್ರವಾರ ಯಾರೂ ನೋಡದ ಹೊತ್ತಿನಲ್ಲಿ ಅದರ ಹೊಸ್ತಿಲಿಗೆ ಎರಡೆಳೆ ರಂಗೋಲಿ ಎಳೆದು ಬರುತ್ತೇನೆ.