ಜೂನ್ ಮೂವತ್ತರ ವ್ರತ

ಯೋಗೀಶನ ಮನೆಯ ವಾಷಿಂಗ್ ಮೆಷಿನ್ ಪ್ರಾಣ ಬಿಟ್ಟದ್ದು ಬಾತ್‌ರೂಮಿನ ಹೊಸ್ತಿಲ ಮೇಲೆ. ಬಟ್ಟೆ ಹಿಂಡುವಾಗಲೆಲ್ಲ ಅದು ಗಡಗಡ ನಡುಗುತ್ತ ಗೋಡೆ ಬಿಟ್ಟು ಹೊರಡುವುದು ರೂಢಿ. ಆ ದಿನ ಬಾಗಿಲವರೆಗೂ ನಡೆದು ಬಂದು, ಜಗಳವಾಡಿ ಹೊರಟ ನೆಂಟನಂತೆ ಒಂದು ಗಳಿಗೆ ನಿಂತು, ಹೊಟ್ಟೆಯೊಳಗಿನ ನೀರನ್ನೆಲ್ಲ ಕಾರಿ ಸುಮ್ಮನಾಯಿತು.

ಅಂದಿನಿಂದ ಹತ್ತಿರ ಹತ್ತಿರ ಒಂದು ವರ್ಷ ವಿಜಯಾ ಸ್ನಾನದ ತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ವೆಸ್ಟ್‌ಮೀಡಿನಲ್ಲಿ ಆಸ್ಪತ್ರೆಯ ಲ್ಯಾಬ್ ಕೆಲಸ ಮುಗಿಸಿ ಬಂದವಳು ಸಿಡ್ನಿಯ ಜೂನ್ ತಿಂಗಳ ಚಳಿಯಲ್ಲಿ ತೊಟ್ಟಿಯ ಪಕ್ಕ ಮಂಡಿಯೂರಿ ಕೂರುವುದನ್ನು ನೋಡಿದಾಗಲೆಲ್ಲ ಯೋಗೀಶನ ಕರುಳು ಚುರುಕ್ ಎನ್ನುತ್ತಿತ್ತು.

ಹೊಸ ಮೆಷಿನ್ನಿಗೆ ಅವನು ನಂಬಿಕೊಂಡಿದ್ದು ಸರ್ಕಾರ ಮಕ್ಕಳ ಹೆಸರಿನಲ್ಲಿ ಕೊಡುವ ಹಣವನ್ನು. ಅದು ಎಷ್ಟು ಸಿಗಬೇಕೆಂಬುದು ಗಂಡ ಹೆಂಡತಿ ಇಬ್ಬರ ವರ್ಷದ ದುಡಿಮೆಯ ಮೇಲೆ ನಿಂತಿದೆ. ತಮಾಷೆಯೆಂದರೆ, ಎಷ್ಟು ದುಡಿಯುತ್ತೀರೆಂದು ದುಡಿಯುವ ಮೊದಲೇ ಅಂದಾಜು ಹೇಳಬೇಕು. ಬೀಗರ ಕಡೆಯಿಂದ ಎಷ್ಟು ಜನ ಬರುತ್ತೀರಿ ಎಂದು ಕೇಳಿಕೊಂಡು ಎಲೆ ಹಾಕಿದ ಹಾಗೆ. ಅಂದಾಜಿಗಿಂತ ಹೆಚ್ಚು ದುಡಿದಿರೋ, ‘ನೀವು ಹೆಚ್ಚು ಉಂಡಿದ್ದೀರಿ, ಉಂಡದ್ದನ್ನು ಕಕ್ಕಿ’ ಎಂದು ಕಾಗದ ಬರುತ್ತದೆ. ಅಂದಾಜು ಸರಿಯಿದ್ದರೆ ತೆರಿಗೆಯ ಲೆಕ್ಕವೆಲ್ಲ ಮುಗಿದ ಮೇಲೆ ಕೊನೆಗೊಂದು ಇಡಿಗಂಟು. ಬಾಕಿಯಿದ್ದರೆ ಮೊದಲು ಬಾಕಿಯೇ ಆ ಗಂಟನ್ನು ನುಂಗುತ್ತದೆ.

ಹೋದ ವರ್ಷ ಯೋಗೀಶ ಓವರ್‌ಟೈಮ್ ಸಿಕ್ಕಿತೆಂದು ಬೆನ್ನು ಮುರಿದು ದುಡಿದಿದ್ದ. ಗಂಟಿನ ಬದಲು ಕಾಗದ ಬಂತು.

“ಈ ವರ್ಷ ಅಂದಾಜಿಗಿಂತ ಒಂದು ಡಾಲರ್ ಹೆಚ್ಚು ದುಡಿದ್ರೆ ನನ್ನ ಹೆಸರು ಯೋಗೀಶನೇ ಅಲ್ಲ!” ಎಂದು ಅವನು ಸತ್ತ ಮೆಷಿನ್ನಿನ ತಲೆ ಮೇಲೆ ಕೈಯಿಟ್ಟು ಶಪಥ ಮಾಡಿದ.

“ರೀ, ಹೆಚ್ಚು ದುಡಿದ್ರೆ ಎಲ್ಲಾ ಏನ್ ಹೋಗಲ್ಲ. ಹೆಚ್ಚಾಗಿದ್ದರಲ್ಲಿ ಒಂದು ಪಾಲು ಕಟ್ ಆಗತ್ತೆ ಅಷ್ಟೆ” ಎಂದಳು ವಿಜಯಾ.

“ಒಂದು ಪಾಲಾದ್ರೂ ಯಾಕೆ? ಕೊಟ್ಟಿದ್ದನ್ನ ವಾಪಸ್ ಕೇಳೋದು ಮರ್ಯಾದಸ್ಥರ ಲಕ್ಷಣನಾ? ಅವರು ಕೇಳಲೇಬಾರದು, ಹಾಗೆ ಮಾಡ್ತೀನಿ!”

ವರ್ಷವಿಡೀ ವ್ರತ ನಡೆಯಿತು. ಓವರ್‌ಟೈಮ್ ಎಂಬ ಮಾತು ಕೇಳಿದರೆ ಅವನು ಟಾಯ್ಲೆಟ್ ಹೊಕ್ಕುಬಿಡುತ್ತಿದ್ದ. ಕೊನೆಗೆ ಎರಡು ಸಾವಿರದ ಆರನೆಯ ಇಸವಿಯ ಜೂನ್ ಮೂವತ್ತು ಬಂತು. ಅಂದಿಗೆ ಸರ್ಕಾರದ ವರ್ಷ ಮುಕ್ತಾಯ. ಇಬ್ಬರ ದುಡಿಮೆಯೂ ಸೇರಿ ಅಂದಾಜಿನ ಗಂಟಲವರೆಗೆ ತುಂಬಿತ್ತು. ಅದೊಂದು ಹಗಲು ಕಳೆದರೆ ಗೆದ್ದಂತೆ.

ಬೆಳಿಗ್ಗೆ ಶೂ ಕಟ್ಟುವಾಗಲೇ ಮೆಲ್ಬರ್ನಿನ ಬಾಕ್ಸ್ ಹಿಲ್‌ನಿಂದ ಭಾವಮೈದ ಗೋಪೀನಾಥನ ಫೋನು. “ಭಾವ, ನನ್ ಮಾತು ಕೇಳಿ. ಇಲ್ಲೊಂದು ಯೂನಿಟ್ ತಗೊಂಡು ಬಾಡಿಗೆಗೆ ಬಿಡಿ. ಬಾಡಿಗೆಗಿಂತ ಸಾಲದ ಬಡ್ಡಿ ಜಾಸ್ತಿ ಆಗತ್ತೆ. ಲಾಸ್! ಆ ಲಾಸ್‌ನಿಂದ ನಿಮ್ಮ ಇನ್‌ಕಮ್ ಕಮ್ಮಿ ಆಗ್ಬಿಡತ್ತೆ.”

“ಆ ಲಾಸ್‌ನ ಅವರು ಮತ್ತೆ ಇನ್‌ಕಮ್‌ಗೇ ಕೂಡಿಸ್ತಾರಂತೆ ಕಣಯ್ಯಾ, ವಿಜಿ ಆಗಲೇ ಕೇಳಿದಾಳೆ. ಒಂದು ವಾಷಿಂಗ್ ಮೆಷಿನ್ನಿಗೋಸ್ಕರ ಒಂದು ಮನೆ ತಗೋಬೇಕಾ? ಇಡು ಫೋನು.”

ಕೆಳಗೆ ಮರಿಯಪ್ಪನ ಕಾರು ಹಾರನ್ ಹೊಡೆಯುತ್ತಿತ್ತು. ಮರಿಯಪ್ಪ ಪೆಂಡಲ್ ಹಿಲ್ ಬಡಾವಣೆಯ ಅದೇ ಕಟ್ಟಡದಲ್ಲಿ ಮೇಲಿನ ಮನೆಯವನು, ಮಂಡ್ಯದ ಕಡೆಯವನು. ಇಬ್ಬರಿಗೂ ಒಂದೇ ಬಿಸ್ಕತ್ತು ಗೋದಾಮಿನಲ್ಲಿ ಕೆಲಸ.

“ತಗೊಳಪ್ಪೋ, ನಿಮ್ ವೇದಕ್ಕ ಅಕ್ಕಿರೊಟ್ಟಿ ಕಳ್ಸವ್ಳೆ” ಎಂದು ಮರಿಯಪ್ಪ ಹೆಂಡತಿ ಕೊಟ್ಟ ಡಬ್ಬಿ ಚಾಚಿದ.

“ಅಯ್ಯೋ, ಬೇಡ ಮರಿಯಪ್ಪಣ್ಣ.”

“ತಗೋ ಅಂದ್ರೆ.”

“ಬೇಡಣ್ಣ, ಈಗ ತಾನೆ ತಿಂಡಿ ಆಯ್ತು.”

“ತಿನ್ನದಿದ್ರೆ ನಮ್ ಮೇಲಾಣೆ!”

ಆಮೇಲೆ ಯೋಗೀಶ ಎರಡು ರೊಟ್ಟಿ ಮುರಿದು ತಿಂದ. ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಕೈ ಚಾಚುವುದು ಅವನು ತಾಯಿಯ ಮಡಿಲಲ್ಲಿ ಕಲಿತ ಮರ್ಯಾದೆ. ಹಸಿವೆಷ್ಟೇ ಇರಲಿ, ಮೊದಲ ಸಲವೇ ಹೂಂ ಎಂದವನಲ್ಲ.

ಗೋದಾಮಿನಲ್ಲಿ ಅಂದು ವರ್ಷಾಂತ್ಯದ ಸ್ಟಾಕ್ ಎಣಿಕೆ. ಮಧ್ಯಾಹ್ನ ಶಿಫ್ಟ್ ಮುಗಿಯುವ ಹೊತ್ತಿಗೆ ಮ್ಯಾನೇಜರ್ ಶೇನ್ ಬಂದ. ಆರಡಿ ಮೇಲಿನ ಆಳು, ಆ ಚಳಿಯಲ್ಲೂ ಅರ್ಧ ಚಡ್ಡಿ.

“ಎಲ್ಲರೂ ಎರಡು ಗಂಟೆ ಹೆಚ್ಚು ನಿಲ್ಲಬೇಕು. ಡಬಲ್ ಸಂಬಳ!”

ಗೋದಾಮೆಲ್ಲ ಹೋ ಎಂದಿತು. ಯೋಗೀಶ ಮಾತ್ರ ಕೈ ಅಡ್ಡಡ್ಡ ಆಡಿಸಿದ. “ನನಗೆ ಆಗಲ್ಲ.”

“ಯಾಕೆ ಮೇಟ್, ಮನೆಯಲ್ಲಿ ಕೆಲಸವೇ?”

“ಕೆಲಸ ಏನಿಲ್ಲ. ನಿಲ್ಲೋಕೆ ರೆಡಿ. ದುಡ್ಡು ಮಾತ್ರ ಬೇಡ.”

ಶೇನ್ ತಲೆ ಕೆರೆದುಕೊಂಡ. ಆ ಗೋದಾಮಿನಲ್ಲಿ ಅಂಥ ಮಾತು ಅವನು ಕೇಳಿರಲಿಲ್ಲ. ಅಷ್ಟರಲ್ಲಿ ಬಿಸ್ಕತ್ತು ಪೆಟ್ಟಿಗೆಗಳ ಹಿಂದಿನಿಂದ ಯೂನಿಯನ್ನಿನ ಇಂದ್ರೇಶ್ ಜಿಗಿದು ಬಂದ. ಹುಬ್ಬಳ್ಳಿಯವನು. ಬಾಯಿ ತೆರೆದರೆ ಧ್ವನಿವರ್ಧಕ ಬೇಡ.

“ಏನ್ಪಾ ಯೋಗೀಶ, ತಲಿ ಕೆಟ್ಟೈತೇನು? ಇವತ್ತ ನೀ ಪುಕ್ಕಟೆ ದುಡದ್ರ, ನಾಳೆ ಇಂವ ಎಲ್ಲಾರಿಗೂ ಪುಕ್ಕಟೆ ದುಡೀರಿ ಅಂತಾನ! ರೊಕ್ಕಾ ತಗೋ, ಇಲ್ಲಾ ಹೊರಗ ನಡಿ. ಇಲ್ಲಂದ್ರ ಎಲ್ಲಾರೂ ಕೆಲಸಾ ಬಂದ್ ಮಾಡ್ತೀವಿ!”

“ನನ್ನ ಮೈ, ನನ್ನ ಬೆವರು. ಮಾರೋದೂ ಬಿಡೋದೂ ನನ್ನಿಷ್ಟ!”

“ನಿನ್ನ ಬೆವರಿಗೆ ರೇಟ್ ಕಟ್ಟಾಕ ನಾವು ಮೂರು ಸಲ ಸ್ಟ್ರೈಕ್ ಮಾಡೇವಿ, ಗೊತ್ತೈತೇನು?”

ಎಣಿಕೆ ನಿಂತಿತು. ಫೋರ್ಕ್‌ಲಿಫ್ಟ್‌ಗಳು ನಿಂತವು. ಕ್ರೀಮ್ ಬಿಸ್ಕತ್ತು ಎಷ್ಟಾಗಿತ್ತು ಎಂಬುದು ಎಣಿಸುತ್ತಿದ್ದವನಿಗೆ ಮರೆತು ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಮರಿಯಪ್ಪ ಬಂದು ಕಿವಿಯಲ್ಲಿ, “ಸುಮ್ಕೆ ಹೊಟ್ಟೆನೋವು ಅಂತ ಸಿಕ್ ಲೀವ್ ಹಾಕ್ಬುಡ್ಲಾ” ಎಂದ.

“ಅದಕ್ಕೂ ಸಂಬಳ ಕೊಡ್ತಾರಣ್ಣ, ಈ ದರಿದ್ರ ಜನ!”

ಕೊನೆಗೆ ಶೇನ್ ಅವನನ್ನು ಕ್ಯಾಂಟೀನಿಗೆ ಕಳಿಸಿದ. ಮನೆಯ ಕಾರು ವಿಜಯಾಳ ಬಳಿಯಿದ್ದು, ಮರಿಯಪ್ಪನ ಕಾರಲ್ಲದೆ ಮನೆಗೆ ಹೋಗುವ ದಾರಿಯಿಲ್ಲದ್ದರಿಂದ ಯೋಗೀಶ ಅಲ್ಲೇ ಕೂತ. ಗಾಜಿನಾಚೆ ಎಲ್ಲರೂ ಡಬಲ್ ಸಂಬಳಕ್ಕೆ ಬಿಸ್ಕತ್ತು ಎಣಿಸುತ್ತಿದ್ದರೆ, ಇವನು ಎದೆ ಸೆಟೆಸಿಕೊಂಡು ತಣ್ಣನೆಯ ಚಹಾ ಕುಡಿದ. ಕೋಟೆ ಕಾದವನಿಗೂ ಅಷ್ಟು ಬಿಂಕವಿರಲಿಕ್ಕಿಲ್ಲ.

ಎಣಿಕೆ ಮುಗಿದ ಮೇಲೆ ಅಂಗಳದಲ್ಲಿ ಬಾರ್ಬೆಕ್ಯೂ. ಇಕ್ಕಳ ಹಿಡಿದೇ ಶೇನ್ ಕುರ್ಚಿ ಹತ್ತಿದ.

“ಈ ವರ್ಷದ ಉತ್ತಮ ಕೆಲಸಗಾರ ಯಾರು ಗೊತ್ತೆ? ವರ್ಷವಿಡೀ ಒಂದು ಬಿಸ್ಕತ್ತೂ ಮುರಿಯದವನು. ಇವತ್ತು ದುಡ್ಡಿಲ್ಲದೆ ದುಡಿಯಲೂ ಸಿದ್ಧನಿದ್ದವನು. ನಮ್ಮ ಯೋಗಿ! ಅವನಿಗೆ ಕಂಪನಿಯ ಕಡೆಯಿಂದ—”

“ಬೇಡ!” ಯೋಗೀಶ ಕೂಗಿದ.

“ಮೊದಲು ಕೇಳು. ಇದು—”

“ಏನೇ ಇರಲಿ, ಬೇಡ! ನಾಳೆ ಕೊಡಿ, ಕಣ್ಣಿಗೊತ್ತಿಕೊಂಡು ತಗೋತೀನಿ.”

“ನಾಳೆ ಅಂದರೆ ಬೇರೆ ವರ್ಷದ ಬಜೆಟ್ ಮೇಟ್. ಇವತ್ತೇ ಆಗಬೇಕು.”

“ಹಾಗಾದ್ರೆ ಬೇಡವೇ ಬೇಡ!” ಯೋಗೀಶನೂ ಒಂದು ಕುರ್ಚಿ ಹತ್ತಿದ. “ಎಲ್ಲರೂ ಕೇಳಿ! ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ಳೋರ ಮುಂದೆ ನಾನು ತಲೆ ಬಗ್ಗಿಸಲ್ಲ. ಈ ಸಲ ನನ್ನ ಲೆಕ್ಕವೇ ಲೆಕ್ಕ!”

ಯಾರಿಗೂ ಏನೂ ಅರ್ಥವಾಗಲಿಲ್ಲ. ಆದರೆ ಕುರ್ಚಿ ಹತ್ತಿ ಕೂಗಿದವನಿಗೆ ಇಂದ್ರೇಶ್ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು.

“ಹಾಗಾದರೆ ಬೇರೆ ಯಾರಿಗಾದರೂ ಬೇಕೇ?” ಎಂದ ಶೇನ್.

“ನಂಗೆ!” ಮರಿಯಪ್ಪನ ಕೈ ಮೇಲೆದ್ದಾಗಿತ್ತು.

ಫೋರ್ಕ್‌ಲಿಫ್ಟ್ ಬಂತು. ಅದರ ಕೊಂಬುಗಳ ಮೇಲೆ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಮದುಮಗಳ ಹಾಗೆ ಕೂತಿತ್ತು ಒಂದು ಹೊಚ್ಚ ಹೊಸ ವಾಷಿಂಗ್ ಮೆಷಿನ್.

ಯೋಗೀಶ ಕುರ್ಚಿಯಿಂದ ಇಳಿಯುವುದನ್ನೇ ಮರೆತ. ಆಮೇಲೆ ಇಳಿದು ಮೆಲ್ಲನೆ ಶೇನನ ಪಕ್ಕ ಬಂದು ನಿಂತ. ಬೇಡವೆಂದದ್ದಾಗಿದೆ. ಇನ್ನೊಮ್ಮೆ ಬಲವಂತ ಮಾಡುವುದು ಶೇನನ ಧರ್ಮ. ಶೇನ್ ಸಾಸೇಜು ತಿರುವಿದ. ಯೋಗೀಶ ಕೆಮ್ಮಿದ. ಶೇನ್ ಈರುಳ್ಳಿ ತಿರುವಿದ.

“ಶೇನ್... ನೀವು ಇಷ್ಟೊಂದು ಹೇಳ್ತಿದ್ದೀರಿ ಅಂದ್ಮೇಲೆ...”

“ನಾನೇನೂ ಹೇಳುತ್ತಿಲ್ಲವಲ್ಲ ಮೇಟ್” ಎಂದು ಶೇನ್ ಅವನ ಹೆಗಲು ತಟ್ಟಿದ. “ನೀನು ಬೇಡವೆಂದೆ. ನಿನ್ನ ತೀರ್ಮಾನಕ್ಕೆ ನನ್ನ ಗೌರವ.”

ಪಕ್ಕದಲ್ಲಿ ಮರಿಯಪ್ಪ ಅದನ್ನು ಕೇಳಿಸಿಕೊಂಡು ಮೆಚ್ಚಿ ತಲೆದೂಗುತ್ತಿದ್ದ.

ಸಂಜೆ ಆ ಮೆಷಿನ್ನನ್ನು ಪೆಂಡಲ್ ಹಿಲ್ ಮನೆಯ ಮೆಟ್ಟಿಲು ಹತ್ತಿಸುವ ಪುಣ್ಯವೂ ಯೋಗೀಶನ ಪಾಲಿಗೇ ಬಂತು. ಮರಿಯಪ್ಪನಿಗೆ ಸೊಂಟ ನೋವು. ಆತ ಮೇಲಿನಿಂದ, “ನಿಧಾನ ಕಣ್ಲಾ, ಗೀರು ಬಿದ್ದಾತು!” ಎಂದು ಹೇಳುವ ಕಡೆಯನ್ನು ಹಿಡಿದಿದ್ದ. ಯೋಗೀಶ ಏದುಸಿರು ಬಿಡುತ್ತ ತನ್ನ ಬಾಗಿಲ ಮುಂದೆ ಬರುವ ಹೊತ್ತಿಗೆ ವಿಜಯಾ ಒದ್ದೆ ಕೈಯಲ್ಲೇ ಓಡಿ ಬಂದಳು.

“ಅಯ್ಯೋ, ಇವತ್ತೇ ತಂದ್ಬಿಟ್ರಾ? ಗಂಟು ಬರೋಕೆ ಮುಂಚೆನೇ?”

“ನಮ್ದಲ್ಲ. ಮೇಲಕ್ಕೆ” ಎಂದ ಯೋಗೀಶ, ಪೆಟ್ಟಿಗೆಯ ಹಿಂದಿನಿಂದ.

ಇಳಿದು ಬಂದು ನಡೆದದ್ದನ್ನೆಲ್ಲ ಹೇಳಿದ. ವಿಜಯಾ ಸೋಪಿನ ಕೈಯನ್ನೇ ಹಣೆಗೆ ಬಡಿದುಕೊಂಡಳು.

“ಒಂದು ಫೋನ್ ಮಾಡಬಾರದಿತ್ತೇನ್ರಿ! ಕಂಪನಿ ಕೊಡೋ ಇಷ್ಟು ಚಿಕ್ಕ ಸಾಮಾನೆಲ್ಲ ಆ ಲೆಕ್ಕಕ್ಕೇ ಬರಲ್ಲ. ನಮ್ಮ ಆಸ್ಪತ್ರೆ ಪೇ ಆಫೀಸಿನವಳು ಹೇಳಿದ್ಲು.”

ಯೋಗೀಶ ಗೋಡೆಗೊರಗಿದ. ಆದರೂ ಎದೆ ಸೆಟೆಸಿದ. “ಹೋಗ್ಲಿ ಬಿಡು! ಅಂದಾಜು ಮೀರಲಿಲ್ಲ ತಾನೆ? ವಾಪಸ್ ಕೊಡಿ ಅನ್ನೋಕೆ ಅವರಿಗೆ ಬಾಯಿಲ್ಲ. ಗಂಟು ಬಂದೇ ಬರತ್ತೆ. ಗೆದ್ದಿದ್ದು ನಾನೇ!”

ವಿಜಯಾ ಸೆರಗಿನಿಂದ ಕೈ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು.

“ರೀ, ಬೈಬೇಡಿ. ಆಸ್ಪತ್ರೆಯಲ್ಲಿ ನಮಗೆ ಸಂಬಳ ಜಾಸ್ತಿ ಮಾಡಿದ್ರಲ್ಲ, ಅದರ ಹಿಂದಿನ ತಿಂಗಳುಗಳ ಬಾಕಿನೆಲ್ಲ ಒಟ್ಟಿಗೆ ಅಕೌಂಟಿಗೆ ಹಾಕ್ಬಿಟ್ಟಿದಾರೆ. ಇವತ್ತು.”

“ಇವತ್ತು? ಬೇಡ ಅನ್ನಬಾರದಿತ್ತೇನೇ!”

“ಕೇಳಿದ್ರೆ ತಾನೆ ಬೇಡ ಅನ್ನೋದು? ಬಂದಿದ್ದೆಲ್ಲ ಕಾರಿನ ಹಳೇ ಕಂತಿಗೇ ಹೋಯ್ತು.”

ಅಂದಾಜು ಮೀರಿಯೇ ಹೋಗಿತ್ತು: ಬಂದ ಹಣ ಕಂತಿಗೆ, ಇನ್ನು ಬರುವ ಗಂಟಿನಲ್ಲಿ ಸರ್ಕಾರದ ಬಾಕಿಗೊಂದು ಪಾಲು. ಯೋಗೀಶ ಒದ್ದೆ ಬಟ್ಟೆಯ ಬಕೆಟ್ಟನ್ನು ನೋಡುತ್ತ ನಿಂತ. ಆಗ ಮೆಟ್ಟಿಲ ಮೇಲಿನಿಂದ ಮರಿಯಪ್ಪನ ಗಂಟಲು ಕೇಳಿಸಿತು.

“ಯೋಗೀ! ಹೊತ್ಕಂಡು ಬಂದೋನು ನೀನು ಕಣಪ್ಪ. ಮೊದಲ್ನೇ ಸಲ ನಿಮ್ ಬಟ್ಟೇನೆ ಹಾಕಾನ. ಕೊಡು.”

ಯೋಗೀಶನ ಜೀವ ಮರಳಿ ಬಂತು. ಊರಿನವರು ಊರಿನವರೇ! “ಅಯ್ಯೋ, ಬೇಡ ಮರಿಯಪ್ಪಣ್ಣ, ನಿಮಗ್ಯಾಕೆ ತೊಂದ್ರೆ” ಎಂದ. ಬಾಯಿ ಹಾಗೆಂದರೂ ಕೈ ಆಗಲೇ ಬಕೆಟ್ಟು ಎತ್ತಿತ್ತು, ಒಂದು ಕಾಲು ಮೆಟ್ಟಿಲ ಮೇಲಿತ್ತು.

“ಸರಿ ಬುಡಪ್ಪ” ಎಂದ ಮರಿಯಪ್ಪ. “ನಿನ್ ತೀರ್ಮಾನಕ್ಕೆ ನನ್ ಗೌರವ.”

ಬಾಗಿಲು ಮುಚ್ಚಿಕೊಂಡಿತು.

“ಡ್ಯಾಡ್, ವೈ ಡಿಡ್ ಯು ಸೇ ನೋ?” ಎಂದಳು ಮಗಳು ಆದ್ಯಾ.

ಯೋಗೀಶ ಬಕೆಟ್ಟನ್ನು ತೊಟ್ಟಿಗೆ ಸುರಿದು, ಪ್ಯಾಂಟನ್ನು ಮೊಣಕಾಲ ಮೇಲಕ್ಕೆ ಸುತ್ತಿ, ಕೊರೆಯುವ ನೀರಿಗೆ ತಾನೇ ಇಳಿದ. ಮೇಲಿನ ಮನೆಯಲ್ಲಿ ಹೊಸ ಮೆಷಿನ್ ಕೂತಲ್ಲಿಂದ ಅಲುಗದೆ ಸುಂಯ್ ಎಂದು ತಿರುಗತೊಡಗಿತು. ಯೋಗೀಶ ಅದಕ್ಕಿಂತ ಜೋರಾಗಿ ಬಟ್ಟೆ ತುಳಿದ.